ಅಕ್ಕನ ಅಟ್ಟ ಮತ್ತು ನನ್ನ ಬಲಗಿವಿ

ತೆಂಗಿನಕಾಯಿಯನ್ನು ಬಲಗಿವಿಯ ಪಕ್ಕ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಇನ್ನೊಂದನ್ನು ಎತ್ತಿಕೊಂಡೆ. ಅದೂ ಸುಮ್ಮನಿತ್ತು. ಮೂರನೆಯದು, ನಾಲ್ಕನೆಯದು, ಎಲ್ಲವೂ ಮೊದಲೇ ಮಾತಾಡಿಕೊಂಡವರಂತೆ ಬಾಯಿ ಮುಚ್ಚಿಕೊಂಡಿದ್ದವು. ಚನ್ನರಾಯಪಟ್ಟಣದ ನನ್ನ ಶೆಡ್ಡಿನಲ್ಲಿ ಹಿಂದಿನ ತಿಂಗಳು ನಾನೇ ಕೂತು ‘ಆಗಿದೆ’ ಎಂದು ಬೇರೆ ಮಾಡಿದ್ದ ರಾಶಿ ಅದು. ಒಣಗಿದ ಕೊಬ್ಬರಿ ಒಂದು ತಿಂಗಳಲ್ಲಿ ಮತ್ತೆ ಹಸಿಯಾಗುವುದಿಲ್ಲ. ಹಾಗಾದರೆ ಕೆಟ್ಟಿರುವುದು ಕಾಯಲ್ಲ. ಅಷ್ಟರಲ್ಲಿ ಕಿವಿಯೊಳಗೆ ಯಾರೋ ದಬ್ಬಣ ಇಟ್ಟು ತಿರುಗಿಸಿದಂತೆ ಒಂದು ನೋವು ಬಂದು ಹೋಯಿತು. ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ಅದರ ಪಕ್ಕದಲ್ಲೇ ನಾನೂ ಕೂತೆ.

ನಮ್ಮ ಕಡೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಂಡೆ ಕೊಬ್ಬರಿ ಮಾಡಲು ಬಲಿತ ತೆಂಗಿನಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಅಲ್ಲಿ ಅದು ಹೆಚ್ಚುಕಡಿಮೆ ಒಂದು ವರ್ಷ ಬಿದ್ದಿರುತ್ತದೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪನ್ನು ಬಿಡುತ್ತದೆ, ಆಮೇಲೆ ಅಲ್ಲಾಡಿಸಿದರೆ ಉಂಡೆ ಒಳಗೆ ಲೊಟಲೊಟ ಎಂದು ಉರುಳಾಡುತ್ತದೆ. ನೀರಿರುವ ಕಾಯಿಯದು ಗುಳುಗುಳು. ಇವೆರಡನ್ನು ಯಾರು ಬೇಕಾದರೂ ಹೇಳಬಹುದು. ಕಷ್ಟ ಇರುವುದು ನಡುವಿನಲ್ಲಿ. ನೀರು ಇಂಗಿದೆ, ಆದರೆ ತಿರುಳು ಚಿಪ್ಪಿಗೆ ಒಂದು ಪಕ್ಕ ಅಂಟಿಕೊಂಡೇ ಇದೆ. ಅಂಥ ಕಾಯಿ ಒಂದು ಮಂಕು ಸದ್ದು ಮಾಡುತ್ತದೆ, ಬಾಯಿಗೆ ಬಟ್ಟೆ ಅಡ್ಡ ಹಿಡಿದು ಕೆಮ್ಮಿದಂತೆ. ಅದನ್ನು ಒಡೆದರೆ ಉಂಡೆ ಬರುವುದಿಲ್ಲ, ಚೂರು ಬರುತ್ತದೆ. ಆ ಮಂಕು ಸದ್ದನ್ನು ಹಿಡಿಯುವ ಕಿವಿ ಎಲ್ಲರಿಗೂ ಇರುವುದಿಲ್ಲ. ನನಗಿದೆ. ನನಗಿತ್ತು. ಮೂವತ್ತು ವರ್ಷದಿಂದ ನಾನು ಕೊಬ್ಬರಿ ವ್ಯಾಪಾರ ಮಾಡಿಕೊಂಡು ಬಂದದ್ದು ತಲೆಯಿಂದಲ್ಲ, ತಲೆಯ ಬಲಭಾಗದಿಂದ.

ಎಡಭಾಗದ ಕಥೆ ಬೇರೆ. ಚಿಕ್ಕಂದಿನಲ್ಲಿ ಶೀತ ಆದಾಗಲೆಲ್ಲ ನನ್ನ ಎಡಗಿವಿ ಸೋರುತ್ತಿತ್ತು. ಮನೆಯಲ್ಲಿ ಬಿಸಿ ಎಣ್ಣೆ ಬಿಟ್ಟು, ಹತ್ತಿ ತುರುಕಿ, ಸ್ಕೂಲಿಗೆ ಅಟ್ಟುತ್ತಿದ್ದರು. ಸೋರುವುದು ಒಂದು ದಿನ ನಿಂತಿತು, ಜೊತೆಗೆ ಅರ್ಧ ಕೇಳುವುದೂ ನಿಂತಿತು. ಹಾಗಾಗಿ ನನ್ನ ಹತ್ತಿರ ಇದ್ದದ್ದು ಒಂದೇ ಕಿವಿ. ಅದೇ ಈಗ ಕಾಯಿಯ ಮಾತು ಕೇಳುವುದಿಲ್ಲ ಎಂದು ಕೂತಿತ್ತು.

ಚಿಂತೆ ಮಾಡುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಎದೆಯಲ್ಲಿ ಗ್ಯಾಸ್ ಓಡಾಡಿದರೆ ಇಸಿಜಿ ಮಾಡಿಸುತ್ತೇನೆ. ಮನೆಯಲ್ಲಿ ನನ್ನ ಇಸಿಜಿಗಳ ಒಂದು ಫೈಲೇ ಇದೆ, ಎಲ್ಲವೂ ನಾರ್ಮಲ್. ಆದರೆ ನಿಜವಾಗಿ ಏನೋ ಆದಾಗ ನಾನು ಮಾಡುವುದೇ ಬೇರೆ: ಯಾರಿಗೂ ಹೇಳುವುದಿಲ್ಲ. ಸುಳ್ಳು ರೋಗಕ್ಕೆ ಡಾಕ್ಟರು ಬೇಕು, ನಿಜವಾದದ್ದಕ್ಕೆ ಧೈರ್ಯ ಬೇಕು. ಎರಡನೆಯದು ನನ್ನ ಹತ್ತಿರ ಯಾವತ್ತೂ ಸ್ಟಾಕ್ ಇರುವುದಿಲ್ಲ.

ಇದು ಶುರುವಾದದ್ದು ರಾಮನಾಥಪುರದಲ್ಲಿ. ಹೆಂಡತಿಯ ತವರು ಅರಕಲಗೂಡು. ಅವರ ಕಡೆಯ ಒಂದು ಮಗುವಿನ ಮುಡಿ ತೆಗೆಸಲು ಎಲ್ಲರೂ ಕಾವೇರಿಗೆ ಹೋಗಿದ್ದೆವು. ಮಗುವಿನ ಬದಲು ನಾನು ಹೆದರಿಕೊಂಡು, ಎಲ್ಲರೂ ನೋಡುತ್ತಿದ್ದಾರಲ್ಲ ಎಂದು ಮೂಗು ಹಿಡಿದು ಮೂರು ಮುಳುಗು ಹಾಕಿದೆ. ಮೂರನೆಯದಕ್ಕೆ ಬಲಗಿವಿಗೆ ನೀರು ಹೋಯಿತು. ದಡಕ್ಕೆ ಬಂದು ತಲೆ ಬಲಕ್ಕೆ ವಾಲಿಸಿಕೊಂಡು ಒಂಟಿ ಕಾಲಲ್ಲಿ ಕುಣಿದೆ. ಮಗು ಅಳು ನಿಲ್ಲಿಸಿ ನನ್ನನ್ನೇ ನೋಡಿತು. ಅಷ್ಟು ಪ್ರಯೋಜನ ಆಯಿತು, ನೀರು ಬರಲಿಲ್ಲ.

ಮಾರನೆಯ ದಿನ ಅರಕಲಗೂಡಿನ ಮನೆಯಲ್ಲಿ ಕಿವಿ ಇರಿಯತೊಡಗಿತು. ಅತ್ತೆ ಒಲೆಯ ಮುಂದೆ ಕೂತು ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಎಸಳು ಜಜ್ಜಿ ಹಾಕಿ ಕಾಯಿಸಿದರು.

“ಅಳಿಯಂದ್ರೇ, ಒಸಿ ಇಂಗೆ ಮಗ್ಗುಲಾಗಿ. ಎಲ್ಡು ತೊಟ್ಟು ಬುಟ್ರೆ ಕಿವಿನೋವು ಅನ್ನದು ಇದ್ದೂರು ಬುಟ್ಟೋಯ್ತದೆ.”

“ಎಣ್ಣೆ ಎಲ್ಲಿಂದು?” ಎಂದು ಕೇಳಿದೆ. ಕೊಬ್ಬರಿಯವನಿಗೆ ನೋವಿನಲ್ಲೂ ಅದೊಂದು ಕೇಳಲೇಬೇಕು.

“ನೀವೇ ಕಳ್ಸಿದ್ದಲ್ವಾ, ನಿಮ್ಮ ಗಾಣದ್ದೇ.”

ನನ್ನದೇ ಎಣ್ಣೆ ಎಂದ ಮೇಲೆ ಅನುಮಾನ ಎಲ್ಲಿಯದು. ಮಗ್ಗುಲಾದೆ. ಬೆಚ್ಚಗಿನ ಎಣ್ಣೆ ಇಳಿದಾಗ ಒಂದು ಗಳಿಗೆ ಸ್ವರ್ಗ. ಅತ್ತೆ ಮೇಲೆ ಹತ್ತಿಯ ಬಿರಡೆ ಇಟ್ಟರು. ಮಾರನೆಯ ಬೆಳಿಗ್ಗೆ ಬಸ್ ಹತ್ತುವ ಮುಂಚೆ ಒಂದು ಮೆಡಿಕಲ್ ಸ್ಟೋರಿಗೆ ಹೋಗಿ “ಕಿವಿಗೆ ಏನಾದ್ರೂ ಕೊಡಿ ಸಾ” ಎಂದೆ. ಅಲ್ಲಿದ್ದಾತ ಯಾವ ಕಿವಿ ಎಂದು ಸಹ ಕೇಳದೆ ಒಂದು ಡ್ರಾಪ್ಸ್ ಕೊಟ್ಟ. ನಾನೂ ಏನೂ ಹೇಳಲಿಲ್ಲ. ಇಬ್ಬರಿಗೂ ಅವಸರ.

ಆಮೇಲಿನ ಹತ್ತು ಹನ್ನೆರಡು ದಿನ ನಾನು ನನ್ನ ಕಿವಿಗೆ ಏನೇನು ಮಾಡಿದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಬೆಳಿಗ್ಗೆ ಡ್ರಾಪ್ಸ್. ಸಂಜೆ ಎಣ್ಣೆ. ಅದರ ಮೇಲೆ ಹತ್ತಿ. ನೋವು ಸ್ವಲ್ಪ ಇಳಿಯಿತು, ಅದರ ಜಾಗಕ್ಕೆ ನವೆ ಬಂತು. ಅದೆಂಥ ನವೆ ಎಂದರೆ, ಮಾತಾಡುತ್ತಿರುವವರ ಮುಂದೆಯೇ ಬೈಕಿನ ಕೀ ತೆಗೆದು ಕಿವಿಗೆ ಹಾಕುವಷ್ಟು. ಕೀ ಸಾಲದಾಗ ಪೊರಕೆ ಕಡ್ಡಿ. ಹೆಂಡತಿ ಒಂದು ದಿನ ಕೈಯಿಂದ ಕಡ್ಡಿ ಕಿತ್ತುಕೊಂಡಳು.

“ರೀ, ಆ ಕಡೆಯಿಂದ ಈಚೆಗೆ ಬರೋವರ್ಗೂ ಬುಡಲ್ವೇನ್ರೀ? ಡಾಕ್ಟ್ರತ್ರ ಓಗಿ ಅಂದ್ರೆ ಆಗಲ್ಲ. ಸುಮ್‌ಸುಮ್ನೆ ಎದೆ ನೋವು ಅಂದ್ರೆ ಮಾತ್ರ ಹಾಸ್ನದ ಬಸ್ ಹತ್ಬುಡ್ತೀರಿ.”

“ಗುಗ್ಗೆ ಕಣೇ, ಗುಗ್ಗೆ. ಎಣ್ಣೇಲಿ ನೆಂದ್ರೆ ತಾನೇ ಬರ್ತದೆ.”

ಅವಳಿಗೆ ಹಾಗೆ ಹೇಳಿ ನಾನು ಫೋನಿನಲ್ಲಿ ಕದ್ದು ಹುಡುಕಿದೆ. ಕಿವಿನೋವಿಗೆ ಕಿವಿಯೇ ಕಾರಣ ಆಗಬೇಕಿಲ್ಲವಂತೆ. ಶೀತವಾದರೆ ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಸಣ್ಣ ನಳಿಗೆ ಕಟ್ಟಿಕೊಂಡು ನೋಯಬಹುದು. ಹುಳುಕು ಹಲ್ಲಿನ ನೋವು ಕಿವಿಯಲ್ಲಿ ಕಾಣಿಸಿಕೊಳ್ಳಬಹುದು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ದವಡೆಯ ಕೀಲು. ಗಂಟಲು. ಒಂದೊಂದನ್ನು ಓದಿದಾಗಲೂ ಅದು ನನಗಿತ್ತು. ಕನ್ನಡಿಯ ಮುಂದೆ ಬಾಯಿ ತೆರೆದು ಹಲ್ಲು ನೋಡಿಕೊಂಡೆ, ದವಡೆ ಆಡಿಸಿ ಕಟಕ್ ಎನ್ನುವುದನ್ನು ಕೇಳಿಸಿಕೊಳ್ಳಲು ಹೋಗಿ, ಕೇಳಿಸಲಿಲ್ಲವೆಂದು ಹೆದರಿದೆ. ಪಟ್ಟಿಯ ಕೊನೆಯಲ್ಲಿ ಇದ್ದ ದೊಡ್ಡ ರೋಗದ ಹೆಸರನ್ನು ಮಾತ್ರ ಓದದೆ ಫೋನ್ ಮುಚ್ಚಿದೆ.

ಇಷ್ಟಾದ ಮೇಲೆಯೇ ಆ ಬೆಳಿಗ್ಗೆ ಶೆಡ್ಡಿನಲ್ಲಿ ಕಾಯಿಗಳು ಮೂಕವಾದದ್ದು. ನಾನಿನ್ನೂ ಎದ್ದಿರಲಿಲ್ಲ, ಅಕ್ಕನ ಫೋನ್ ಬಂತು. ಎಡಗಿವಿಗೆ ಒತ್ತಿ ಹಿಡಿದೆ.

ಅಕ್ಕ ಇರುವುದು ಹೊಳೆನರಸೀಪುರದ ಕಡೆಯ ಒಂದು ಹಳ್ಳಿಯಲ್ಲಿ. ಭಾವ ಹೋದ ಮೇಲೆ ತೋಟ, ಮನೆ, ಜಗಳ ಎಲ್ಲವನ್ನೂ ಅವಳೇ ನಡೆಸುತ್ತಾಳೆ. ಹೆಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುವ ಉಮೇದಿನಲ್ಲಿದ್ದಳು.

“ಲೇ, ಶುಕ್ರುವಾರ ಜೇಸೀಬಿ ಬತ್ತದೆ ಕಣ್ಲಾ. ಅಷ್ಟೊತ್ಗೆ ಅಟ್ಟ ಖಾಲಿಯಾಗ್ಬೇಕು. ಆಗಿರೋ ಕಾಯ್ನ ಸುಲ್ಸಿ ಒಡುಸ್ತೀನಿ, ಆಗ್ದಿರೋವ್ನ ಪಕ್ಕದ ಮನೆ ಅಟ್ಟಕ್ಕೆ ಆಕ್ತೀನಿ. ಅವರತ್ರ ಜಾಗ ಇರೋದೂ ಒಸೀನೇ. ನಾಳೆ ಬಂದು ಬ್ಯಾರೆ ಮಾಡ್ಕೊಟ್ಟೋಗು.”

“ನಾಳೇನಾ? ಬೇರೆ ಯಾರಾದ್ರೂ...”

“ಯಾರ್ಲಾ ಬ್ಯಾರೆಯೋರು? ಒಂದ್ ವರ್ಸುದ್ ಬೆಳೆ ಅದು. ಕಂಡೋರ್ ಕೈಲಿ ಒಡ್ಸಿ ಚೂರ್ ಮಾಡ್ಕೊಳ್ಳಾ? ನೀನೇ ಬರ್ಬೇಕು.”

ಆಗ ಹೇಳಬೇಕಿತ್ತು, ‘ಅಕ್ಕ, ನನಗೆ ಕೇಳಿಸುತ್ತಿಲ್ಲ’ ಎಂದು. “ಆಯ್ತು, ಬತ್ತೀನಿ” ಎಂದೆ.

ಮಾರನೆಯ ದಿನ, ಬುಧವಾರ, ಬೆಳಿಗ್ಗೆ ಏಣಿ ಹತ್ತಿ ಅಕ್ಕನ ಅಟ್ಟದಲ್ಲಿ ಚಕ್ಕಳಮಕ್ಕಳ ಹಾಕಿದೆ. ಹೊಗೆ ಹಿಡಿದು ಕಪ್ಪಾದ ಬಿದಿರ ಗಳಗಳ ಮೇಲೆ ಕಾಯಿ ಎದೆಮಟ್ಟ ಹರಡಿತ್ತು. ಹೆಂಚಿನ ಸಂದಿಯಿಂದ ಬಂದ ಬಿಸಿಲಿನ ಕೋಲುಗಳಲ್ಲಿ ನಾರಿನ ಧೂಳು. ನನ್ನ ಬಲಕ್ಕೊಂದು ಗುಡ್ಡೆ, ಆಗಿದ್ದು. ಎಡಕ್ಕೊಂದು, ಆಗದ್ದು. ಹಿಂದೆಲ್ಲ ಈ ಕೆಲಸ ಮಾಡುವಾಗ ನನ್ನ ಕೈ ಎಷ್ಟು ಓಡುತ್ತಿತ್ತೆಂದರೆ ಕೆಳಗಿದ್ದವರು ಸದ್ದು ಕೇಳಿ ಏನೋ ಕುಟ್ಟುತ್ತಿದ್ದಾನೆ ಎನ್ನುತ್ತಿದ್ದರು.

ಈಗ ಬಲಗಿವಿಗೆ ಹಿಡಿದರೆ ಒಳಗೆ ಬರೀ ಗುಂಯ್ ಎನ್ನುವ ಒಂದು ಸ್ವರ. ಅಕ್ಕ ಕೆಳಗಿದ್ದಾಳೆ ಎಂದು ಖಚಿತವಾದ ಮೇಲೆ ಎಡಗಿವಿಗೆ ಹಿಡಿದೆ. ಜೋರಾಗಿ ಲೊಟಲೊಟ ಎಂದದ್ದು ಕೇಳಿತು. ಉಳಿದದ್ದು ಕೇಳಲಿಲ್ಲ. ಉಳಿದದ್ದರಲ್ಲಿ ಮೆಲ್ಲಗೆ ಉರುಳುವ ಉಂಡೆ ಯಾವುದು, ಮಂಕು ಯಾವುದು? ಕೈಯಿಂದ ತಿಳಿಯುತ್ತದೆ ಎಂದುಕೊಂಡೆ. ಅಲ್ಲಾಡಿಸಿದಾಗ ಅಂಗೈಗೆ ಒಂದು ಸಣ್ಣ ಏಟು ಸಿಕ್ಕರೆ ಉಂಡೆ ಬಿಟ್ಟಿದೆ ಎಂದು ಲೆಕ್ಕ. ಅಂಗೈಯೂ ಮೂವತ್ತು ವರ್ಷದ್ದೇ ಅಲ್ಲವೇ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತ, ಪ್ರತಿ ಕಾಯಿಗೂ ಬೆವರುತ್ತ, ಮಧ್ಯಾಹ್ನದವರೆಗೆ ಬಲಗಡೆಯ ಗುಡ್ಡೆಯನ್ನು ಬೆಳೆಸಿದೆ. ಕಿವಿಯ ನೋವು ಈಗ ಬಂದು ಹೋಗುತ್ತಿರಲಿಲ್ಲ, ಅಲ್ಲೇ ಮನೆ ಮಾಡಿತ್ತು. ಹಾಲೆಗೆ ಟವೆಲ್ ತಾಗಿದರೂ ಜೀವ ಹೋಗುತ್ತಿತ್ತು.

ಕೆಳಗಿನಿಂದ ಅಕ್ಕ ಕೂಗಿದಳು. ಏಣಿ ಇಳಿದೆ. ನಾನು ಕೆಳಕ್ಕೆ ಉರುಳಿಸಿದ ಕಾಯಿಗಳಲ್ಲಿ ಒಂದನ್ನು ಅವಳು ಕಬ್ಬಿಣದ ಮೊನೆಗೆ ಸಿಕ್ಕಿಸಿ ಸಿಪ್ಪೆ ಸುಲಿದು, ಮಚ್ಚಿನ ಹಿಂಬದಿಯಿಂದ ತಟ್ಟಿ ಚಿಪ್ಪು ಬಿಡಿಸುತ್ತಿದ್ದಳು. ಉಂಡೆ ಹೊರಕ್ಕೆ ಉರುಳಬೇಕಿತ್ತು. ಅರ್ಧ ಬಂತು. ಇನ್ನರ್ಧ ಚಿಪ್ಪಿಗೆ ಕಚ್ಚಿಕೊಂಡಿತ್ತು, ಅಂಟಂಟಾಗಿ. ಅಕ್ಕ ನನ್ನ ಮುಖ ನೋಡಲಿಲ್ಲ. ಇನ್ನೊಂದನ್ನು ಸುಲಿದಳು. ಅದು ಸರಿಯಿತ್ತು. ಮೂರನೆಯದು ಮತ್ತೆ ಚೂರು.

“ಬಿಸ್ಲು ಕಮ್ಮಿ ಈ ಸಲ, ಅದ್ಕೇ...” ಎಂದೆ.

ಅವಳು ಎದ್ದು ಒಳಗೆ ಹೋದಳು. ನಾನು ಆ ಚೂರುಗಳನ್ನು ನೋಡುತ್ತ ಕೂತಿದ್ದೆ. ಎಷ್ಟು ಹೊತ್ತೋ. ಇದ್ದಕ್ಕಿದ್ದಂತೆ ಬೆನ್ನಿಗೆ ಒಂದು ಗುದ್ದು ಬಿತ್ತು. ತಿರುಗಿದರೆ ಅಕ್ಕ, ನನ್ನ ಬಲಕ್ಕೆ, ಒಂದು ಮೊಳ ದೂರದಲ್ಲಿ ನಿಂತಿದ್ದಾಳೆ.

“ಕಾಫಿ ಕುಡೀತೀಯೇನ್ಲಾ ಅಂತ ನಾಕ್ ಸಲ ಕೇಳ್ದೆ. ಕೇಳ್ಸಕಿಲ್ವೇನ್ಲಾ ನಿಂಗೆ?”

ಅವಳೇ ನನ್ನ ತಲೆ ಹಿಡಿದು ಬೆಳಕಿಗೆ ತಿರುಗಿಸಿ, ಕಿವಿಯ ಹತ್ತಿ ಕಿತ್ತು, ಮೂಸಿ ನೋಡಿ ಮುಖ ಸಿಂಡರಿಸಿದಳು.

“ಅಯ್ಯೋ ನಿನ್ ಮನೆ ಕಾಯ್ವಾಗ! ನಾತ ಒಡೀತಾ ಅದೆ. ಇದ್ನ ಇಟ್ಕಂಡು ನನ್ ಅಟ್ಟ ಹತ್ತಿದ್ಯಾ? ಯೋಳಕ್ಕೆ ಬಾಯಿಗೆ ಏನಾಗಿತ್ತು?”

“ಎಡಗಿವಿ ಓಗಿದ್ದು ಸಾಲ್ದು ಅಂತ ಇದೂ ಓಯ್ತು ಅಂದ್ರೆ... ಕಾಯಿ ಯಾರ್ ಕೊಡ್ತಾರಕ್ಕ ನಂಗೆ?”

ಅಳು ಬಂತು ಎಂದು ಬರೆಯಲು ಸಂಕೋಚ. ಧೂಳು ಬಿತ್ತು ಎಂದು ಆಗಲೇ ಹೇಳಿಯಾಗಿದೆ, ಅಕ್ಕ ನಂಬಲಿಲ್ಲ.

“ನಾಳೆ ಬೆಳಗಾಗೆದ್ದು ಹಾಸ್ನಕ್ಕೋಗು. ಮದ್ಯಾನದೊಳಗೆ ಬಾ. ಬರ್ದಿದ್ರೆ ಎಲ್ಲಾನೂ ಒಡುಸ್ಬುಡ್ತೀನಿ, ಚೂರೋ ಪಾರೋ, ಬಂದಂಗೆ ಬರ್ಲಿ. ಮಳೇಲಿ ಮಡಗಕ್ಕಾಗಕಿಲ್ಲ.”

ಗುರುವಾರ ಮೊದಲ ಬಸ್ಸಿಗೆ ಹಾಸನ. ಕಿವಿ, ಮೂಗು, ಗಂಟಲಿನ ಡಾಕ್ಟರ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತಾಗ ಎಡಕ್ಕೆ ಬಾಗಿಲು ಬರುವಂತೆ ನೋಡಿಕೊಂಡೆ, ನನ್ನ ಹೆಸರು ಕರೆದರೆ ಕೇಳಲಿ ಎಂದು. ಗೋಡೆಯ ಮೇಲೆ ಕಿವಿಯ ದೊಡ್ಡ ಚಿತ್ರ. ಹೊರದಾರಿ, ಅದರ ತುದಿಗೆ ತಮಟೆ, ಅದರ ಹಿಂದೆ ಅಕ್ಕಿಕಾಳಿನಂಥ ಮೂಳೆಗಳು, ಅದರಾಚೆ ಬಸವನಹುಳುವಿನಂಥ ಸುರುಳಿ. ಇದರಲ್ಲಿ ಯಾವುದು ಹೋಗಿದೆ? ಹೊರದಾರಿ ಎಂದರೆ ಬದುಕಿದೆ. ತಮಟೆ ಎಂದರೆ ಎಡಗಿವಿಯ ಗತಿಯೇ. ಬಸವನಹುಳು ಎಂದರೆ ಮುಗಿಯಿತು. ಸರದಿ ಬರುವ ಹೊತ್ತಿಗೆ ಶೆಡ್ ಮಾರಿ, ಮಗಳ ಓದಿಗೆ ಏನು ಮಾಡುವುದೆಂದು ಸಹ ಯೋಚಿಸಿ ಮುಗಿಸಿದ್ದೆ.

ಡಾಕ್ಟರು ನನ್ನಷ್ಟೇ ವಯಸ್ಸಿನ ಹೆಂಗಸು. ಎಲ್ಲವನ್ನೂ ಕೇಳಿದರು: ಜ್ವರ ಬಂತಾ, ಶೀತ ಇತ್ತಾ, ತಲೆ ಸುತ್ತುತ್ತಾ, ಜಗಿಯುವಾಗ ನೋವಾ. ಆಮೇಲೆ ಬಲಗಿವಿಯ ಹಾಲೆಯನ್ನು ಮೆಲ್ಲಗೆ ಹಿಡಿದೆಳೆದರು. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

“ಹಾಲೆ ಎಳೆದ್ರೆ ಇಷ್ಟು ನೋವು ಅಂದ್ರೆ ಹೊರದಾರೀದೇ ಇರ್ಬೇಕು. ಶುಗರ್ ಇದೆಯಾ?”

ಆ ಪ್ರಶ್ನೆಗೆ ನಾನು ಹತ್ತು ವರ್ಷದಿಂದ ಕಾಯುತ್ತಿದ್ದೆ. “ಇರ್ಬೋದು ಮೇಡಂ” ಎಂದೆ. ಬೆರಳಿಗೆ ಚುಚ್ಚಿ ನೋಡಿದರು. ನಾರ್ಮಲ್. ಫೈಲಿಗೆ ಇನ್ನೊಂದು.

ಕವೆಯಂಥ ಒಂದು ಲೋಹದ ಕಡ್ಡಿಯನ್ನು ಮೊಣಕೈಗೆ ಬಡಿದು ನನ್ನ ಬಲಗಿವಿಯ ಮುಂದೆ ಹಿಡಿದರು. ಕೇಳಲಿಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಝೇಂಕಾರ ಸ್ಪಷ್ಟವಾಗಿ ತಲೆಯೊಳಗೆ ಹರಿಯಿತು.

“ಕೇಳ್ತಾ? ಸರಿ. ನರ ಕೆಲಸ ಮಾಡ್ತಿದೆ. ದಾರೀಲಿ ಏನೋ ಕಟ್ಟಿದೆ. ತಮಟೆ ಹೆಂಗಿದೆ ಅನ್ನೋದು ಕ್ಲೀನ್ ಮಾಡಿದ ಮೇಲೇ ಗೊತ್ತಾಗೋದು.”

ಒಂದು ಚಿಂತೆ ಇಳಿಯಿತು, ಇನ್ನೊಂದು ಅದೇ ಜಾಗದಲ್ಲಿ ಕೂತಿತು. ಮಗ್ಗುಲಾಗಿ ಮಲಗಿಸಿ, ಮೈಕ್ರೋಸ್ಕೋಪನ್ನು ಕಿವಿಯ ಮೇಲೆ ತಂದು, ಗೋಡೆಯ ಟೀವಿಯಲ್ಲಿ ನನ್ನ ಕಿವಿಯ ಒಳಗನ್ನು ತೋರಿಸಿದರು. ನೆನೆದ ಪೇಪರಿನಂಥ ಬೂದು ಮುದ್ದೆ. ಅದರ ಮೇಲೆ ಹತ್ತಿಯಂಥ ಎಳೆ, ಎಳೆಯ ತುದಿಗೆ ಕರಿ ಚುಕ್ಕೆ.

ಡಾಕ್ಟರು ಬಾಯಿ ತೆರೆಯುವ ಮುಂಚೆಯೇ ನಾನು ಹೇಳಿದೆ, “ಬೂಷ್ಟು.”

“ಅರೆ, ಹೆಂಗೆ ಗೊತ್ತು?”

ಗೊತ್ತಿಲ್ಲದೆ ಏನು? ಪಸೆ ಆರದ ಕೊಬ್ಬರಿಯನ್ನು ಮೂಟೆಗೆ ತುಂಬಿ ಬಾಯಿ ಹೊಲಿದರೆ ಹದಿನೈದು ದಿನದಲ್ಲಿ ಹೀಗೇ ಬರುತ್ತದೆ, ಇದೇ ಬಣ್ಣ, ಇದೇ ಚುಕ್ಕೆ. ಎಷ್ಟು ರೈತರಿಗೆ ನಾನು ಭಾಷಣ ಮಾಡಿಲ್ಲ: ಒದ್ದೆ ಇರುವಾಗ ಮುಚ್ಚಬೇಡಿ, ಗಾಳಿಯಾಡಲಿ, ಗೀರಬೇಡಿ, ಗೀರಿದ ಜಾಗದಲ್ಲೇ ಮೊದಲು ಬೂಷ್ಟು ಹಿಡಿಯುವುದು. ಅದೇ ನಾನು ಹೊಳೆಯ ನೀರು ಹೊಕ್ಕ ಕಿವಿಗೆ ಎಣ್ಣೆ ಸುರಿದು, ಕೀಯಿಂದ ಗೀರಿ, ಹತ್ತಿಯಿಂದ ಮೂಟೆ ಕಟ್ಟಿದ್ದೆ.

“ಎಣ್ಣೆ ಬಿಡ್ತಾ ಇದ್ರಾ?”

“ಸ್ವಂತ ಗಾಣದ್ದು ಮೇಡಂ. ಪ್ಯೂರ್.”

“ಬೂಷ್ಟಿಗೂ ಪ್ಯೂರೇ ಇಷ್ಟ. ಈ ಡ್ರಾಪ್ಸ್ ಯಾರು ಬರ್ಕೊಟ್ಟಿದ್ದು? ಇದು ಬೇರೆ ಥರ ಇನ್‌ಫೆಕ್ಷನ್‌ಗೆ. ಬೂಷ್ಟಿಗೆ ಇದು ಇನ್ನೂ ಅನುಕೂಲ ಮಾಡ್ಕೊಡುತ್ತೆ. ಈಗ ಅಲ್ಲಾಡ್ಬೇಡಿ.”

ಸಣ್ಣ ಕೊಳವೆಯೊಂದು ಒಳಗೆ ಇಳಿದು ಎಳೆಯತೊಡಗಿತು. ತಲೆಯೊಳಗೆ ಲಾರಿ ಗೇರ್ ಬದಲಾಯಿಸಿದಷ್ಟು ಸದ್ದು. ಕೋಣೆ ಒಮ್ಮೆ ನಿಧಾನಕ್ಕೆ ತಿರುಗಿ ನಿಂತಿತು. ಕುರ್ಚಿಯ ಕಬ್ಬಿಣ ಹಿಡಿದುಕೊಂಡೆ. ಕಣ್ಣು ಮುಚ್ಚಿದೆ, ಟೀವಿ ನೋಡುವ ಧೈರ್ಯ ಇರಲಿಲ್ಲ. ಕೊಳವೆ ಹೊರಗೆ ಬಂತು. ಡಾಕ್ಟರು ದೀಪ ಹತ್ತಿರ ತಂದರು. ಅಷ್ಟರಲ್ಲಿ ನಾನು ಕೀಯನ್ನು ಎಷ್ಟು ಒಳಗೆ ಹಾಕಿದ್ದೆ ಎಂದು ಅಳೆಯುತ್ತಿದ್ದೆ. ಬೈಕಿನ ಕೀ ಎಷ್ಟುದ್ದ? ಬೆರಳಿನಷ್ಟು? ಪೊರಕೆ ಕಡ್ಡಿ ಅದಕ್ಕಿಂತ...

“ತೂತಾಗಿಲ್ಲ,” ಎಂದರು. “ಕೆಂಪಾಗಿದೆ, ಅಷ್ಟೇ. ನಿಮ್ಮ ಅದೃಷ್ಟ.”

ಅವರ ಉಸಿರು ಕೇಳಿಸಿತು. ಪಕ್ಕದ ಕೋಣೆಯಲ್ಲಿ ಯಾರೋ ಚಪ್ಪಲಿ ಎಳೆದುಕೊಂಡು ಹೋದದ್ದು, ಹೊರಗೆ ಹಾಸನದ ಹಾರನ್‌ಗಳು, ಎಲ್ಲವೂ ಒಮ್ಮೆಲೇ ಒಳಗೆ ನುಗ್ಗಿದವು, ಬಾಗಿಲು ತೆರೆದ ಬಸ್ಸಿಗೆ ಜನ ನುಗ್ಗುವಂತೆ.

ಎಡಗಿವಿಯನ್ನೂ ನೋಡಿದರು. ಅಲ್ಲಿ ಹಳೆಯ ತೂತು ಹಾಗೇ ಇತ್ತು. “ಇದಕ್ಕೆ ಮಾತ್ರ ಎಣ್ಣೆ, ನೀರು ಏನೂ ಇಳೀಬಾರ್ದು, ತೂತಿನಿಂದ ಸೀದಾ ಒಳಗೆ ಹೋಗುತ್ತೆ. ನಿಧಾನಕ್ಕೆ ಒಂದಿನ ಬನ್ನಿ, ಮುಚ್ಚೋಕಾಗುತ್ತಾ ನೋಡೋಣ.” ಆಮೇಲೆ ಚೀಟಿ ಬರೆಯುತ್ತ, ನನ್ನಂಥವರಿಗೆ ದಿನಕ್ಕೆ ಎಷ್ಟು ಸಲ ಹೇಳುತ್ತಾರೋ, ಆಯಾಸದ ದನಿಯಲ್ಲಿ ಹೇಳಿದರು. ಬೂಷ್ಟಿನ ಡ್ರಾಪ್ಸ್, ಎರಡು ವಾರ, ವಾಸಿಯಾದಂತೆ ಅನ್ನಿಸಿದರೂ ನಿಲ್ಲಿಸಬಾರದು. ಸ್ನಾನದ ಹೊತ್ತಿಗೆ ಮಾತ್ರ ವ್ಯಾಸಲಿನ್ ಸವರಿದ ಹತ್ತಿ, ಆಮೇಲೆ ತೆಗೆದುಬಿಡಬೇಕು. ಕಡ್ಡಿ, ಕೀ, ಬಡ್ಸ್ ಯಾವುದೂ ಬೇಡ, ಗುಗ್ಗೆ ತಾನಾಗಿಯೇ ಹೊರಗೆ ಬರುತ್ತದೆ. “ಶೀತದ ಜೊತೆ ಬರೋ ಕಿವಿನೋವು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಹೋಗುತ್ತೆ, ನೋವಿನ ಮಾತ್ರೆ ಸಾಕು. ಅದ್ರಾಚೆ ಹೋದ್ರೆ, ಇಲ್ಲಾ ಸೋರಿದ್ರೆ, ಕೇಳ್ಸೋದು ಕಮ್ಮಿ ಆದ್ರೆ, ತಲೆ ಸುತ್ತಿದ್ರೆ ಕಾಯಬಾರ್ದು. ನೀವು ಕಾದ್ರಿ.”

“ಮೇಡಂ, ಇವತ್ತೊಂದು ಅಟ್ಟ ನೋಡ್ಬೇಕು. ಕೇಳ್ಸುತ್ತಾ ಸರಿಯಾಗಿ?”

“ತಲೆಗೆ ಟವೆಲ್ ಸುತ್ಕೊಂಡು ಹತ್ತಿ. ಕೇಳ್ಸುತ್ತೆ. ಆದ್ರೆ ಒಳಗೆ ಊತ ಇದೆ, ಮೊದಲಿನ ಥರ ಇವತ್ತೇ ಕೇಳ್ಸುತ್ತೆ ಅಂತ ನಾನು ಹೇಳಲ್ಲ.”

ಈ ಕೊನೆಯ ಮಾತು ಹಾಸನದಿಂದ ಹೊಳೆನರಸೀಪುರದವರೆಗೂ ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂತು.

ಅಕ್ಕ ಅಂಗಳದಲ್ಲೇ ಕಾಯುತ್ತಿದ್ದಳು. ಏಣಿಗೆ ಕೈ ಹಾಕಲು ಬಿಡಲಿಲ್ಲ.

“ನಿಲ್ಲು. ಆ ಕಡೆ ತಿರಿಕ್ಕೊ. ಎಡಗಿವಿಗೆ ಬೆರಳಾಕು.”

ಡಾಕ್ಟರು ಕಡ್ಡಿ ಬಡಿದು ಮಾಡಿದ್ದನ್ನು ಅಕ್ಕ ಕಾಯಿಯಲ್ಲಿ ಮಾಡಿದಳು. ನನ್ನ ಬಲಕ್ಕೆ, ಹಿಂದೆ ನಿಂತು ಒಂದು ಕಾಯಿ ಅಲ್ಲಾಡಿಸಿದಳು.

“ಆಗದೆ,” ಎಂದೆ.

ಇನ್ನೊಂದು.

“ನೀರದೆ.”

ಮೂರನೆಯದಕ್ಕೆ ನಾನು ಉಸಿರು ಹಿಡಿದೆ. ದೂರದಲ್ಲಿ ಎಲ್ಲೋ, ಬಾಯಿಗೆ ಬಟ್ಟೆ ಅಡ್ಡ ಹಿಡಿದು ಯಾರೋ ಕೆಮ್ಮಿದಂತೆ. ಕೇಳಿತೋ, ಕೇಳಬೇಕೆಂಬ ಆಸೆಗೆ ಕೇಳಿತೋ?

“ಇನ್ನೊಂದ್ಸಲ ಅಲ್ಲಾಡ್ಸು.”

ಅಲ್ಲಾಡಿಸಿದಳು.

“ಆಗಿಲ್ಲ. ಒಂದ್ ಮಗ್ಗುಲು ಕಚ್ಕಂಡದೆ.”

“ಒಡೀತೀನಿ. ಸುಳ್ಳಾದ್ರೆ ಅಟ್ಟ ಹತ್ತಂಗಿಲ್ಲ.”

ಸಿಪ್ಪೆ ಸುಲಿಯುವ ಸದ್ದು, ಮಚ್ಚಿನ ಟಕ್ ಟಕ್. ತಿರುಗಿ ನೋಡಲು ಆಗಲಿಲ್ಲ. ಅಕ್ಕ ನಗುವುದು ಕೇಳಿತು, ಬಲಗಿವಿಯಲ್ಲಿ. ಚಿಪ್ಪಿನ ಒಂದು ಮಗ್ಗುಲಿಗೆ ತಿರುಳು ಅಂಟಿಕೊಂಡೇ ಇತ್ತು. ಕೊಬ್ಬರಿ ಹಾಳಾದದ್ದನ್ನು ನೋಡಿ ನಾವಿಬ್ಬರೂ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಅಕ್ಕ ಚೂರನ್ನು ಕಿತ್ತು ನನ್ನ ಬಾಯಿಗೆ ತುರುಕಿದಳು. ಜಗಿದರೆ ಕಿವಿಯವರೆಗೂ ನೋಯುತ್ತಿತ್ತು. ಜಗಿದೆ.

ತಲೆಗೆ ಟವೆಲ್ ಸುತ್ತಿ ಅಟ್ಟ ಹತ್ತಿದೆ. ನಿನ್ನೆಯ ಬಲಗಡೆಯ ಗುಡ್ಡೆಯನ್ನು ಪೂರ್ತಿ ಮತ್ತೆ ನೋಡಿ, ಮುಟ್ಟದೆ ಉಳಿದಿದ್ದವನ್ನೂ ಬೇರೆ ಮಾಡಿದೆ. ಕೈ ಮೊದಲಿನಂತೆ ಓಡಲಿಲ್ಲ. ಕೆಲವು ಕಾಯಿಗಳನ್ನು ನಾಲ್ಕು ಸಲ ಅಲ್ಲಾಡಿಸಿದರೂ ಅವು ಏನು ಹೇಳುತ್ತಿವೆ ಎಂದು ತಿಳಿಯಲಿಲ್ಲ. ಹಿಂದೆ ಆಗಿದ್ದರೆ ಯಾವುದೋ ಒಂದು ಕಡೆಗೆ ಎಸೆಯುತ್ತಿದ್ದೆ. ಅವತ್ತು ಅವನ್ನು ನನ್ನ ಮುಂದೆ, ನಡುವಿನಲ್ಲಿ ಇಟ್ಟುಕೊಂಡು ಹೋದೆ.

ಅಕ್ಕ ಏಣಿಯ ತುದಿಯಿಂದ ತಲೆ ಹಾಕಿದಳು. “ಇದ್ಯಾವ್ ಗುಡ್ಡೇಲಾ ಹೊಸ್ದು?”

“ಗೊತ್ತಿಲ್ಲ ಅನ್ನೋ ಗುಡ್ಡೆ.”

“ಮೂವತ್ ವರ್ಸದಲ್ಲಿ ಒಂದಿನಾನೂ ನಿನ್ ಬಾಯಲ್ಲಿ ಈ ಮಾತ್ ಬಂದಿರ್ನಿಲ್ಲ ಕಣ್ಲಾ,” ಎಂದು ಆ ಗುಡ್ಡೆಯನ್ನು ಮಂಕರಿಗೆ ತುಂಬಿದಳು. ಆಗದ ಕಾಯಿಗಳ ಜೊತೆ ಅದೂ ಪಕ್ಕದ ಮನೆಯ ಅಟ್ಟಕ್ಕೆ ಹೋಯಿತು. ಜಾಗ ಸಾಲುತ್ತದೋ ಇಲ್ಲವೋ ಎಂದಿದ್ದೆವು, ಒತ್ತಿ ಒತ್ತಿ ಹಾಕಿದ ಮೇಲೆ ಸಾಲಿತು. ಕತ್ತಲಾಗುವ ಮುಂಚೆ ಅಟ್ಟದಲ್ಲಿ ಉಳಿದದ್ದು ಬಿದಿರು ಮತ್ತು ಧೂಳು.

ಶುಕ್ರವಾರ ಬೆಳಿಗ್ಗೆ ಜೆಸಿಬಿ ಬಂತು. ಮೊದಲ ಏಟಿಗೆ ಹೆಂಚುಗಳು ಸರಸರ ಜಾರಿ ಬಿದ್ದವು. ನಾನು ಬಲಗಿವಿಗೆ ಅಂಗೈ ಅಡ್ಡ ಹಿಡಿದು ದೂರ ನಿಂತಿದ್ದೆ. ಒಳಗೆ ಡ್ರಾಪ್ಸ್ ತಣ್ಣಗೆ ಕೂತಿತ್ತು, ನವೆಯಿತ್ತು, ಜೇಬಿನಲ್ಲಿ ಕೀಯಿತ್ತು. ಕೈ ಜೇಬಿಗೆ ಹೋಯಿತು, ವಾಪಸ್ ಬಂತು. ಗಾಡಿ ಒಂದು ಗಳಿಗೆ ನಿಂತಾಗ ಅಕ್ಕ ನನ್ನ ಬಲಕ್ಕೆ ಬಂದು, ಬೇಕೆಂತಲೇ ಸಣ್ಣ ದನಿಯಲ್ಲಿ, ಎದುರಿನ ಗೋಡೆಗೆ ಹೇಳುವವಳಂತೆ ಕೇಳಿದಳು:

“ಕಾಫಿ ಕುಡೀತೀಯೇನ್ಲಾ?”

“ಹ್ಞೂಂ,” ಎಂದೆ. “ಸಕ್ಕರೆ ಕಮ್ಮಿ ಹಾಕು.”